ಹನ್ನೆರಡನೇ ಪಂಜರದ ತಾಯಿ

ಹೈದರಾಬಾದ್
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ಅಂಬಿಕಕ್ಕನಿಗೆ ಮೇಘಾಳ ನಮಸ್ಕಾರ.

ಹನ್ನೆರಡನೇ ಪಂಜರದ ತಾಯಿ ಇಲಿ ತನ್ನ ಮರಿಗಳನ್ನು ಗೂಡಿಗೆ ಎತ್ತಿಕೊಳ್ಳುತ್ತಿಲ್ಲ. ಇದನ್ನು ಮೊದಲು ಗಮನಿಸಿ ಹೇಳಿದವಳು ಭಾಗ್ಯಶ್ರೀ. ಲ್ಯಾಬಿನಲ್ಲಿ ನನ್ನ ಜೊತೆಗಾರ್ತಿ, ಲಿಂಗಸುಗೂರಿನವಳು. ಕಾಗದವನ್ನು ಇಲಿಯಿಂದ ಶುರು ಮಾಡಿದ್ದಕ್ಕೂ ಇಷ್ಟು ತಡ ಮಾಡಿದ್ದಕ್ಕೂ ಬೇಸರಪಡಬೇಡ. ಫೋನ್ ಮಾಡಿದರೆ ಅವ್ವ ಪಕ್ಕದಲ್ಲೇ ಕೂತಿರುತ್ತಾಳೆ. ಅದಕ್ಕೇ ಇದನ್ನು ನಿನ್ನ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ಅವ್ವ ಮೊಣಕಾಲು ನೋವಿಗೆ ತೇದು ಕುಡಿಯುವ, ಮಸ್ಕಿಯಲ್ಲಿ ಗಿಡಮೂಲಿಕೆ ಔಷಧ ಮಾಡುವ ಯಂಕಮ್ಮ ಕೊಡುವ ಬೇರನ್ನೇ ನಾವು ಪರೀಕ್ಷೆಗೆ ತೆಗೆದುಕೊಂಡಿದ್ದು ನಿನಗೆ ಗೊತ್ತು. ಹೊಸ ಮದ್ದು ಹುಡುಕುವ ಕೆಲಸದಲ್ಲಿ ಇದು ಮೊದಲ ಮೆಟ್ಟಿಲು. ಮನುಷ್ಯರ ತನಕ ಬರಲು ವರ್ಷಗಳು ಬೇಕು. ಬೇರಿನ ಸಾರ ಕೊಟ್ಟ ಇಲಿಯನ್ನು ಬಿಸಿ ತಟ್ಟೆಯ ಮೇಲೆ ಬಿಡುತ್ತೇವೆ. ಬಿಸಿ ತಾಗಿದೊಡನೆ ಅದು ಕಾಲೆತ್ತಿ ನೆಕ್ಕಿಕೊಳ್ಳಬೇಕು. ಇವು ಎತ್ತಲಿಲ್ಲ. ನಮ್ಮನ್ನೇ ನೋಡುತ್ತ ನಿಂತವು. ಸುಡುವ ಮೊದಲು ನಾವೇ ಎತ್ತಿಕೊಂಡೆವು. ನೋವು ಹೋಗಿದೆ ಎಂದು ಬರೆದುಕೊಂಡು ಪೇಢೆ ಹಂಚಿದೆವು. ಮದ್ದಿಗೆ ಲಿಂಗಸುಗೂರಿನ ಹೆಸರಿಡೋಣ, ನಿಮ್ಮೂರು ತುರ್ವಿಹಾಳದ ಹೆಸರು ಯಾರ ಬಾಯಲ್ಲೂ ತಿರುಗುವುದಿಲ್ಲ ಎಂದು ಭಾಗ್ಯಶ್ರೀ ಕಾಡಿದಳು.

ಆಮೇಲೆ ಅವುಗಳಲ್ಲೊಂದು ಮರಿ ಹಾಕಿತು. ಪಂಜರ ಸ್ವಚ್ಛ ಮಾಡುವಾಗ ಮರಿಗಳನ್ನು ಮೂಲೆಗಿಟ್ಟರೆ ಯಾವ ತಾಯಿಯಾದರೂ ಒಂದೊಂದನ್ನೇ ಕಚ್ಚಿಕೊಂಡು ಗೂಡಿಗೆ ಒಯ್ಯುತ್ತದೆ. ಇದು ಒಯ್ಯಲಿಲ್ಲ. ಮರಿಗಳ ಕೂಗು ನಮ್ಮ ಕಿವಿಗೆ ಕೇಳುವುದಿಲ್ಲ, ಯಂತ್ರಕ್ಕೆ ಕೇಳುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಪರದೆಯ ಮೇಲೆ ಗೆರೆಗಳು ಏಳುತ್ತಲೇ ಇದ್ದವು. ತಾಯಿ ಒಮ್ಮೆ ತಲೆ ಎತ್ತಿ ಆ ಕಡೆ ನೋಡಿತು. ಮತ್ತೆ ಮುಖ ಒರೆಸಿಕೊಳ್ಳತೊಡಗಿತು.

“ಕಿವಿ ಕೇಳಾಕತ್ತಾವ, ಮೇಘಾ,” ಎಂದಳು ಭಾಗ್ಯಶ್ರೀ. “ಹೋಗಬೇಕಂತ ಅನಸವಲ್ದು ಅದಕ್ಕ.”

ಮರಿಗಳನ್ನು ನಾವೇ ಗೂಡಿಗೆ ಹಾಕಿದೆವು.

ನೀನು ಫೋನಿನಲ್ಲಿ ಹೇಳಿದ್ದು ಆಗ ನೆನಪಾಯಿತು. ಸುಟ್ಟ ವಾಸನೆಗೆ ನೀನು ಅಡುಗೆಮನೆಗೆ ಓಡಿದಾಗ ಅವ್ವನ ಅಂಗೈ ರೊಟ್ಟಿ ಹಂಚಿನ ಮೇಲಿತ್ತು. ಬೈದರೆ ಅವ್ವ ಅಂದಳಂತೆ: “ಸುಡಾಕತ್ತದಂತ ಗೊತ್ತಾತವ್ವಾ. ತೆಗೀಬೇಕಂತ ಅನಸಲಿಲ್ಲ.”

ಬೇರು ನಿಲ್ಲಿಸು. ಸಿಂಧನೂರಿನಲ್ಲಿ ಡಾಕ್ಟರಿಗೆ ತೋರಿಸು, ಬೇರಿನ ವಿಷಯ ಮುಚ್ಚಿಡಬೇಡ. ಒಲೆಯ ಮುಂದೆ ಒಬ್ಬಳನ್ನೇ ಬಿಡಬೇಡ.

ಮಾವನವರಿಗೆ ನಮಸ್ಕಾರ. ನಿನ್ನ ಮಗಳು ಚೆನ್ನಾಗಿ ಓದಲಿ, ಚೆನ್ನಾಗಿ ಉಣ್ಣಲಿ.

ನಿನ್ನ ತಂಗಿ
ಮೇಘಾ

ತಾ.ಕ.: ಕಾಲುವೆಗೆ ಟ್ರ್ಯಾಕ್ಟರ್ ಉರುಳಿದ ದಿನ ನಮ್ಮ ತಮ್ಮ ಸುನೀಲನನ್ನು ತಂದು ಅಂಗಳದಲ್ಲಿ ಮಲಗಿಸಿದಾಗ ಅವ್ವ ಒಮ್ಮೆ ತಲೆ ಎತ್ತಿ ನೋಡಿದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಊರು ಅವಳದು ಕಲ್ಲು ಕರುಳು ಅಂದಿತು. ನಾವಿಬ್ಬರೂ ಅಲ್ಲವೆನ್ನಲಿಲ್ಲ. ಅದಕ್ಕೂ ಮೊದಲು, ಆ ವರ್ಷದ ಭತ್ತದ ನಾಟಿ ಮುಗಿದ ಮೇಲೆ, ಅವ್ವನ ಕಾಲು ನೋವು ನೋಡಲಾರದೆ ಮಸ್ಕಿಗೆ ಹೋಗಿ ಬೇರಿನ ಮೊದಲ ಗಂಟು ತಂದವನು ಸುನೀಲನೇ. ಬೇರು ಬಿಟ್ಟ ಮೇಲೆ ಅವ್ವ ಅಳಬಹುದು. ತಡೆಯಬೇಡ, ಹತ್ತಿರ ಇರು.

ಮಂಗಳವಾರ ಹನ್ನೆರಡನೇ ಪಂಜರಕ್ಕೆ ಸಾರ ನಿಲ್ಲಿಸುತ್ತೇವೆ. ಗುರುವಾರ ಬೆಳಿಗ್ಗೆ ಮರಿಗಳನ್ನು ಮತ್ತೆ ಮೂಲೆಯಲ್ಲಿ ಇಡುತ್ತೇವೆ.