ನಿಮ್ಮ ಪ್ರಮಾಣಪತ್ರದಲ್ಲಿ ಇಲ್ಲದ ಸೂಜಿ

ಬಂದರಿನ ತ್ಯಾಜ್ಯ ತಪಾಸಣೆಯ ಹೊಣೆ ಹೊತ್ತ ಮಾನ್ಯರೇ,

ಇವತ್ತು ನನಗೆ ಉಪವಾಸ. ಅಂಗಳ ಗುಡಿಸಿ, ನೀರು ತುಂಬಿಸಿ, ಪ್ರಾರ್ಥನೆ ಮುಗಿಸಿ, ತಂಗಿಯ ಮಗಳಿಗೆ ಬುತ್ತಿ ಕಟ್ಟಿ ಶಾಲೆಗೆ ಕಳಿಸಿ ಇದನ್ನು ಬರೆಯಲು ಕೂತಿದ್ದೇನೆ. ಹಸಿದ ಹೊಟ್ಟೆಯಲ್ಲಿ ಸುಳ್ಳಾಡುವ ಅಭ್ಯಾಸ ನನಗಿಲ್ಲ; ತುಂಬಿದ ಹೊಟ್ಟೆಯಲ್ಲೂ ಇಲ್ಲ. ನನ್ನ ತಂಗಿಗೂ ಇರಲಿಲ್ಲ. ಆದರೆ ಸತ್ತುಹೋದ ಆ ತಂಗಿಯನ್ನು ಸುಳ್ಳಿ ಎಂದು ನಿಮ್ಮ ಕಚೇರಿ ಬರೆದು ಕಳಿಸಿದೆ. ಅದೇ ನನ್ನ ದೂರು.

ನಾವಿಬ್ಬರೂ ಕಾಗದದ ಕಾರ್ಖಾನೆಯ ಷೆಡ್ಡಿನಲ್ಲಿ ರದ್ದಿ ಆರಿಸುವವರು. ಹೊರದೇಶದಿಂದ ಕಂಟೇನರಿನಲ್ಲಿ ಬರುವ ಹಳೆಯ ಕಾಗದದ ಪೆಂಡಿಗಳನ್ನು ಬಿಚ್ಚಿ, ಕಾಗದ ಬೇರೆ, ಪ್ಲಾಸ್ಟಿಕ್ ಬೇರೆ ಮಾಡುವುದು ನಮ್ಮ ಕೆಲಸ. ಕೈಗವಸು ಕೊಡುವುದಿಲ್ಲವೆಂದಲ್ಲ. ಆದರೆ ಲಕೋಟೆಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಕೈಗವಸಿನ ಬೆರಳಿಗೆ ಸಿಗುವುದಿಲ್ಲ, ಅದನ್ನು ಬಿಟ್ಟರೆ ಮೇಸ್ತ್ರಿ ನಮ್ಮನ್ನು ಬಿಡುವುದಿಲ್ಲ. ಹಾಗಾಗಿ ಬರಿಗೈ. ಕಂಟೇನರಿನ ಬಾಗಿಲ ಬಳಿಯ ಪೆಂಡಿಗಳೇನೋ ನೆಂಟರಿಗೆ ಹಾಸಿದ ಒಳ್ಳೆಯ ಚಾಪೆಯ ಹಾಗೆ ಬೆಳ್ಳಗಿರುತ್ತವೆ. ಹಿಂದೆ ಹೋದಷ್ಟೂ ಒದ್ದೆ ಡೈಪರು, ಔಷಧದ ಸೀಸೆ, ಆಸ್ಪತ್ರೆಯ ಕೊಳವೆ. ಆ ದೇಶದವರು ‘ಶುದ್ಧ ಕಾಗದ, ಬೇರೇನೂ ಇಲ್ಲ’ ಎಂದು ಪ್ರಮಾಣಪತ್ರ ಕೊಡುತ್ತಾರೆ, ನೀವು ಬಾಗಿಲಲ್ಲೇ ನಿಂತು ‘ಪರಿಶೀಲಿಸಲಾಗಿದೆ’ ಎಂದು ಮೊಹರು ಒತ್ತುತ್ತೀರಿ. ಅಷ್ಟು ದೂರದಿಂದ ಬಂದ ಕಾಗದವನ್ನು ಅನುಮಾನಿಸುವುದು ಮರ್ಯಾದೆಯಲ್ಲ, ಅಲ್ಲವೇ?

ಅಂದು ತಂಗಿ ಪೆಂಡಿಯೊಳಗೆ ಕೈ ಹಾಕಿದವಳು ಸರಕ್ಕನೆ ಎಳೆದುಕೊಂಡಳು.

“ಅಕ್ಕಾ, ಏನೋ ಚುಚ್ತು ನೋಡೇ.”

“ನೋಡ್ಕೊಂಡು ಕೈ ಹಾಕೋಕೆ ಏನು ಧಾಡಿ ನಿಂಗೆ?”

“ಬೆರಳ ತುದೀಲಿ ಕಣ್ಣಿದ್ದಿದ್ರೆ ನೋಡ್ತಿದ್ದೆ. ಹೋಗ್ಲಿ ಬಿಡು, ಫಾರಿನ್ ಡಾಕ್ಟ್ರು ಪುಕ್ಕಟೆ ಇಂಜೆಕ್ಷನ್ ಕೊಟ್ರು ಅನ್ಕೋತೀನಿ.”

ಇಬ್ಬರೂ ನಕ್ಕೆವು.

ಷೆಡ್ಡಿನಲ್ಲಿ ನಾವು ಹೆಂಗಸರೇ ಮಾಡಿಕೊಂಡ ಒಂದು ಕಟ್ಟಳೆಯಿದೆ. ಚೂಪಾದದ್ದು ಏನು ಸಿಕ್ಕರೂ ಆಗಿಂದಾಗಲೇ ಬಾಯ್ಲರಿನ ಬೆಂಕಿಗೆ ಹಾಕಬೇಕು, ಇನ್ನೊಬ್ಬಳಿಗೆ ತಾಗಬಾರದು. ತಂಗಿ ರಕ್ತ ಒರೆಸಿಕೊಳ್ಳುವುದಕ್ಕೂ ಮೊದಲು ಎದ್ದು ಹೋಗಿ ಚುಚ್ಚಿದ ಆ ಇಂಜೆಕ್ಷನ್ ಸೂಜಿಯನ್ನು ಬೆಂಕಿಗೆ ಹಾಕಿ ಬಂದಳು.

ಆಮೇಲೆ ಕೈ ಬಾತುಕೊಂಡಿತು, ಕೆಂಪು ತೋಳಿಗೇರಿತು. ಒಂದು ಬೆಳಿಗ್ಗೆ ಮಗಳ ಜಡೆ ಹೆಣೆಯಲು ಕೂತಳು, ಬೆರಳು ಮಡಚಲೇ ಇಲ್ಲ. “ಇವತ್ತೊಂದಿನ ದೊಡ್ಡಮ್ಮನ ಹತ್ರ ಹಾಕಿಸ್ಕೋ ಮಗಾ” ಅಂದಳು. ಆಸ್ಪತ್ರೆಯಲ್ಲಿ ನಂಜು ರಕ್ತಕ್ಕೆ ಸೇರಿದೆ ಎಂದರು. ಪೆಂಡಿಯೊಳಗಿನ ಸೂಜಿ ಚುಚ್ಚಿತೆಂದು ತಂಗಿ ಅಲ್ಲೇ ಹೇಳಿಕೆ ಬರೆಸಿದಳು. ಅವಳು ಮನೆಗೆ ಬರಲಿಲ್ಲ. ಅವತ್ತಿನಿಂದ ಜಡೆ ನಾನೇ ಹಾಕುತ್ತಿದ್ದೇನೆ.

ದೂರು ಕೊಡಲು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ತಲೆಯೆತ್ತದೆ ಕೇಳಿದರು.

“ಸೂಜಿ ಎಲ್ಲಮ್ಮಾ?”

“ಸುಟ್ಟುಬಿಟ್ವಿ ಸ್ವಾಮಿ.”

“ಸಾಕ್ಷಿ ನೀವೇ ಸುಟ್ಟು, ನ್ಯಾಯ ನಮ್ಮನ್ನ ಕೇಳ್ತೀರಲ್ಲ. ಚೆನ್ನಾಗಿದೆ.”

ಕೊನೆಗೆ ನಿಮ್ಮ ಪತ್ರ ಬಂತು: ‘ಸರಕಿನಲ್ಲಿ ವೈದ್ಯಕೀಯ ತ್ಯಾಜ್ಯ ಇರಲಿಲ್ಲವೆಂದು ಪ್ರಮಾಣಪತ್ರವು ದೃಢಪಡಿಸಿರುವುದರಿಂದ, ಮೃತಳ ಹೇಳಿಕೆ ಸತ್ಯಕ್ಕೆ ದೂರವಾದುದು.’ ಬೇರೆಯವರಿಗೆ ತಾಗದಿರಲಿ ಎಂದು ಸೂಜಿ ಸುಟ್ಟವಳು ಸುಳ್ಳಿ. ಹಿಂದಿನ ಸಾಲು ನೋಡದೆಯೇ ಮೊಹರು ಒತ್ತಿದವರು ಸತ್ಯವಂತರು. ನಿಮ್ಮ ಪ್ರಮಾಣಪತ್ರ ಯಾವತ್ತಾದರೂ ಪೆಂಡಿಯೊಳಗೆ ಕೈ ಹಾಕಿದ್ದುಂಟೇ ಮಾನ್ಯರೇ?

ಆ ಪತ್ರವನ್ನು ನಾನು ಅಡಗಿಸಿಡಬೇಕಿತ್ತು. ಹುಡುಗಿ ಓದಿಬಿಟ್ಟಳು. “ದೊಡ್ಡಮ್ಮಾ, ಅಮ್ಮ ಯಾಕೆ ಸುಳ್ಳು ಹೇಳಿದ್ಲು?” ಎಂದು ಕೇಳಿದಳು. ಇಲ್ಲ ಮಗಾ ಎಂದೆ. ಅವಳು ಮತ್ತೆ ಕಾಗದ ನೋಡಿದಳು. ಸರ್ಕಾರದ ಮೊಹರಿನ ಮುಂದೆ ನನ್ನ ಮಾತು ಎಷ್ಟರದು? ತಂಗಿಯನ್ನು ದೇವರು ಕರೆದುಕೊಂಡ ಎಂದು ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮಗಳ ಮನಸ್ಸಿನಿಂದಲೂ ಅವಳನ್ನು ಕಿತ್ತುಕೊಳ್ಳಲು ನಿಮಗೆ ಯಾರು ಹೇಳಿದರು?

ಪರಿಹಾರ ಬೇಡ. ಆ ಒಂದು ವಾಕ್ಯ ಹಿಂತೆಗೆದುಕೊಳ್ಳಿ. ನಿಮ್ಮಮ್ಮ ನಿಜ ಹೇಳಿದ್ದರು ಎಂದು ಆ ಹುಡುಗಿಗೆ ಬರೆಯಿರಿ, ಅದೇ ಮೊಹರು ಹಾಕಿ.

ದೂರು ಮುಗಿಯಿತೆಂದು ಒಪ್ಪಿ ಸಹಿ ಮಾಡಿ ಕಳಿಸಲು ಅದೇ ಪತ್ರದಲ್ಲಿ ನೀವು ತಿಳಿಸಿದ್ದೀರಿ. ಅದಕ್ಕೆ ನನ್ನ ಉತ್ತರ ಬರೆದಿಟ್ಟಿದ್ದೇನೆ, ಅಂಚೆಗೆ ಹಾಕುವುದಿಲ್ಲ. ಆ ಸೂಜಿ ಬಂದ ಹಡಗಿನಲ್ಲೇ ಬಂದ ಇನ್ನೊಂದು ಕಂಟೇನರು ಷೆಡ್ಡಿನ ಮುಂದೆ ಬೀಗ ತೆಗೆಯದೆ ನಿಂತಿದೆ. ನಿಮ್ಮ ಆ ಪತ್ರಕ್ಕೆ ಸಹಿ ಹಾಕಿದವರು ಬಂದು, ಅದರ ಕಟ್ಟಕಡೆಯ ಪೆಂಡಿ ಬಿಚ್ಚುವ ತನಕ ನಮ್ಮ ಜೊತೆ ನಿಲ್ಲಲಿ. ಅವರ ಕೈಗೆ ಏನೂ ತಾಗದಂತೆ ನಾವು ನೋಡಿಕೊಳ್ಳುತ್ತೇವೆ. ಆಮೇಲೆ ನನ್ನ ಉತ್ತರ ತೆಗೆದುಕೊಂಡು ಹೋಗಲಿ. ದಯವಿಟ್ಟು ಅವರನ್ನು ಕಳಿಸಿಕೊಡಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಏನೂ ಚುಚ್ಚದೆ ಸತ್ತವಳ ಅಕ್ಕ