ಮೊದಲನೇ ದಿನದ ಬಲ್ಬು

ಮಾರ್ಚ್ 11, ಮಂಗಳವಾರ

ಇವತ್ತೂ ಬಲ್ಬು ಹತ್ತಿಸಿದರು ನಮ್ಮ ಪ್ರೊಫೆಸರ್ ಮಹಾಶಯರು. ಈ ಸಲ ಟಿವಿಯವರ ಮುಂದೆ. ನಮ್ಮ ಲ್ಯಾಬಿನ ಸಿಲಿಕಾನ್ ಬ್ಯಾಟರಿಗೆ ಎರಡು ತಂತಿ ಸಿಕ್ಕಿಸಿ, ಸೂರ್ಯನನ್ನೇ ಹುಟ್ಟಿಸಿದವರ ಗತ್ತಿನಲ್ಲಿ, "ಇನ್ನು ಕಾರಿಗೆ ವಾರಕ್ಕೊಂದು ಸಲ ಚಾರ್ಜ್ ಮಾಡಿದ್ರೆ ಸಾಕು" ಅಂದರು.

ಅಯ್ಯಾ ಪುಣ್ಯಾತ್ಮ, ನಿನ್ನೆ ಕಟ್ಟಿದ ಬ್ಯಾಟರಿ ಇವತ್ತು ಬಲ್ಬು ಹತ್ತಿಸದೆ ಇನ್ನೇನು ಮಾಡೀತು? ಮದುವೆ ದಿನ ಯಾವ ಗಂಡ ಕೆಟ್ಟವನಾಗಿರ್ತಾನೆ? ಕೇಳಬೇಕಾದ್ದು ಐನೂರನೇ ಚಾರ್ಜಿನ ಕತೆ. ಚಾರ್ಜ್ ಆದಾಗ ಸಿಲಿಕಾನ್ ಉಬ್ಬುತ್ತೆ, ಖಾಲಿಯಾದಾಗ ಕುಗ್ಗುತ್ತೆ. ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ, ಬಿರುಕು ಬಿಟ್ಟು ಪುಡಿಯಾಗುತ್ತೆ. ನಮ್ಮದು ಯಾವುದೂ ಐವತ್ತು ಚಾರ್ಜ್ ದಾಟಿಲ್ಲ. ಸತ್ತ ಬ್ಯಾಟರಿಗಳನ್ನೆಲ್ಲ ಬೆಳಗ್ಗೆಯೇ ಬೀರುವಿಗೆ ತುಂಬಿಸಿದರು, ನೆಂಟರು ಬರ್ತಾರೆ ಅಂತ ಕೊಳೆ ಬಟ್ಟೆಯನ್ನು ಮಂಚದ ಕೆಳಗೆ ತಳ್ಳಿದ ಹಾಗೆ.

ಟಿವಿಯ ಹುಡುಗಿಯೋ, ದೇವರೇ. ಬಲ್ಬು ನೋಡಿ ಚಪ್ಪಾಳೆ ತಟ್ಟಿದಳು! ನನಗೆ ಮೈಯೆಲ್ಲ ಉರೀತಿತ್ತು. ಯಾರಾದರೂ ಒಂದು ಮಾತು ಕೇಳಲಿ, ಎಲ್ಲ ಹೇಳಿಬಿಡ್ತೀನಿ ಅಂತ ಹಲ್ಲು ಕಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದೆ.

ಪ್ರೊಫೆಸರ್ ನನ್ನನ್ನು ಕೈಬೀಸಿ ಕರೆದು ಕ್ಯಾಮೆರಾ ಮುಂದೆ ನಿಲ್ಲಿಸಿದರು. "ಇದನ್ನ ಕಟ್ಟಿದ್ದು ಈಕೇನೇ ಕಣ್ರೀ." ಆ ಹುಡುಗಿ ಮೈಕು ನನ್ನತ್ತ ತಿರುಗಿಸಿದಳು. "ಬಾಳಿಕೆ ಹೇಗೆ ಮೇಡಂ?"

"ತುಂಬಾ ಚೆನ್ನಾಗಿದೆ" ಅಂದೆ.

ಈಗಷ್ಟೇ ಅಕ್ಕ ಫೋನ್ ಮಾಡಿದ್ದಳು. ಮನೆಮಂದಿಯೆಲ್ಲ ಕೂತು ನೋಡಿದರಂತೆ. "ಆ ಬಲ್ಬಿಗಿಂತ ನಿನ್ನ ಮುಖಾನೇ ಹೊಳೀತಿತ್ತು ಕಣೇ!"

ಥೂ.