ಲವಂಗದೆಣ್ಣೆಯ ಕತ್ತಿ

ರಂಗ ಮಾವನಿಗೆ,

ನಿಮ್ಮ ಅಕ್ಕನ ಮಗಳು ಪದ್ದು ಬರೆಯುತ್ತಿದ್ದೇನೆ. ನೀವು ಹೋದ ಮೇಲೆ ಇದು ಎರಡನೇ ನವರಾತ್ರಿ. ಮಿಕ್ಕ ಕ್ಷೇಮಸಮಾಚಾರ ಆಮೇಲೆ. ಮೊದಲು ಕತ್ತಿಯ ವಿಷಯ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡಿರಲು ಆಗುತ್ತಿಲ್ಲ.

ಆಯುಧಪೂಜೆಯ ಹಿಂದಿನ ದಿನ ಮದ್ರಾಸಿನ ಈ ಪುರಸೈವಾಕ್ಕಂ ಮನೆಯ ಕಿಟಕಿ ಪಕ್ಕ ಚಾಪೆ ಹಾಸಿಕೊಂಡು ಕೂರುತ್ತಿದ್ದಿರಲ್ಲ, ನೆನಪಿದೆಯೇ? ಹೆಗಲ ಮೇಲಿನ ವಲ್ಲಿಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಮೆತ್ತನೆಯ ಹಳೇ ಪಂಚೆಯ ತುಂಡಿಗೆ ಲವಂಗದೆಣ್ಣೆ ಹಾಕಿ ಕತ್ತಿ ಒರೆಸುವಿರಿ. ಅತ್ತೆ ಅಡುಗೆಮನೆಯಿಂದ, "ಏನ್ರೀ, ಕತ್ತಿಗೂ ಹಲ್ಲುನೋವಾ?" ಎನ್ನುವರು. ನೀವು ತುಟಿ ಬಿಚ್ಚುತ್ತಿರಲಿಲ್ಲ. ಬರ್ಮಾ ಯುದ್ಧ ಮುಗಿದಾಗ ಸೋತ ಜಪಾನಿ ಅಧಿಕಾರಿಯೊಬ್ಬ ತನ್ನ ತಾತನ ತಾತನ ಕತ್ತಿಯನ್ನು ಕೈಯಾರೆ ಕೊಟ್ಟ, ಒರೆಸುವುದನ್ನೂ ಕಲಿಸಿದ ಎಂದು ನೀವು ಎಷ್ಟು ಸಲ ಹೇಳಿದ್ದೀರಿ. ನಾವು ಯಾರಾದರೂ ನಂಬಿದೆವೇ? ಪಟಾಲಮ್ಮಿನ ಸ್ಟೋರ್ ಗುಮಾಸ್ತನಿಗೆ ಯಾವ ಜಪಾನಿ ಕತ್ತಿ ಕೊಡುತ್ತಾನೆ? ಮೂರ್ ಮಾರ್ಕೆಟ್ಟಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು ಎಂದೇ ಮನೆಯವರೆಲ್ಲರ ತೀರ್ಮಾನ.

ಈ ಸಲ ಅತ್ತೆ, "ಪೂಜೆ ಆದ್ಮೇಲೆ ಯಾರಿಗಾದ್ರೂ ಕೊಟ್ಬಿಡೋಣ ಕಣೇ. ಅವರಿಲ್ಲದ ಮನೇಲಿ ಇದನ್ನ ಇಟ್ಕೊಂಡು ಏನು ಮಾಡ್ಲಿ?" ಎಂದರು. ಸರಿ ಎಂದು ಹಾಸಿಗೆ ಹೊದಿಕೆಯಲ್ಲಿ ಸುತ್ತಿ, ಆಟೋ ಹತ್ತಿ, ವಡಪಳನಿಯಲ್ಲಿ ಸಿನಿಮಾ ಶೂಟಿಂಗಿಗೆ ಸಾಮಾನು ಒದಗಿಸುವ ಅಂಗಡಿಗೆ ಹೋದೆ. ಅಂಗಡಿಯವರು ಹಿಡಿಯ ಹಿತ್ತಾಳೆ, ಒರೆಯ ಚರ್ಮ ಎರಡನ್ನೂ ತಟ್ಟಿ ನೋಡಿ, "ಮಿಲಿಟರಿ ಫ್ಯಾಕ್ಟರಿ ಸರಕ್ಕು ಮಾ" ಎಂದುಬಿಟ್ಟರು. ಹೀರೋಯಿನ್ ಅಪ್ಪನ ಕೈಗೆ ಕೊಡಬಹುದಂತೆ. ನಿಮ್ಮ ಕತ್ತಿ ಮಾವ, ಹೀರೋಯಿನ್ ಅಪ್ಪನ ಕೈಗೆ. ನನಗೆ ಏನನ್ನಿಸಿತೋ, ಪೂಜೆ ಮುಗಿಸಿ ಬರುತ್ತೇನೆ ಎಂದು ಹೇಳಿ ವಾಪಸ್ ತಂದೆ.

ಆಫೀಸು ಬಿಟ್ಟ ಮೇಲೆ ಬ್ರೌಸಿಂಗ್ ಸೆಂಟರಿಗೆ ಹೋಗತೊಡಗಿದ್ದು ಆಗಲೇ. ಅಲ್ಲಿ ಚಿತ್ರ ಮೇಲಿನಿಂದ ಗೆರೆ ಗೆರೆಯಾಗಿ ಇಳಿಯುತ್ತದೆ. ಕತ್ತಿಯ ತುದಿ ಕಂಡ ಮೇಲೆ ಹಿಡಿ ಕಾಣುವಷ್ಟರಲ್ಲಿ ಒಂದು ಟೀ ಮುಗಿಯುತ್ತದೆ. ಓದಿದ ಮೊದಲ ಪಾಠವೇ, ಹಿಡಿ ನೋಡಿ ಕತ್ತಿಯನ್ನು ಅಳೆಯಬಾರದು ಎಂಬುದು. ಜಪಾನಿನಲ್ಲಿ ಯುದ್ಧಕ್ಕೆ ಹೊರಟ ಮಗನಿಗೆ ಮನೆಯ ಹಳೇ ಅಲಗನ್ನೇ ಸೈನ್ಯದ ಹಿಡಿಗೆ ಕೂರಿಸಿ ಕೊಡುತ್ತಿದ್ದರಂತೆ. ಇನ್ನೊಂದು ಪುಟದಲ್ಲಿ, ತುಕ್ಕು ಹಿಡಿಯದಂತೆ ಅವರು ಹಿಂದಿನಿಂದಲೂ ಹಚ್ಚುವುದು ಲವಂಗದ ಎಣ್ಣೆ ಎಂದಿತ್ತು. ಲವಂಗದ ಎಣ್ಣೆ, ಮಾವ! ಮೂರ್ ಮಾರ್ಕೆಟ್ಟಿನಲ್ಲಿ ಇದನ್ನು ನಿಮಗೆ ಯಾರು ಹೇಳಿಕೊಡಲು ಸಾಧ್ಯ?

ಮನೆಗೆ ಓಡಿಬಂದು ಅಲಗನ್ನು ಬಲ್ಬಿನ ಕೆಳಗೆ ಓರೆಯಾಗಿ ಹಿಡಿದೆ. ಅಸಲಿ ಅಲಗನ್ನು ಕಾಯಿಸಿ ನೀರಿಗೆ ಅದ್ದಿದಾಗ ಅದರಲ್ಲಿ ಒಂದು ಬಿಳಿ ಗೆರೆ ಏಳುತ್ತದಂತೆ; ಆಸಿಡ್ಡಿನಲ್ಲಿ ಬರೆದ ಸುಳ್ಳು ಗೆರೆಯಾದರೆ ಚಪ್ಪಟೆಯಾಗಿ ಕಾಣುತ್ತದೆ. ಇಲ್ಲಿ ಅಲಗಿನ ಹರಿತವಾದ ಬಾಯಿಯ ಉದ್ದಕ್ಕೂ ಹಾಲು ಉಕ್ಕುವ ಮುಂಚಿನ ನೊರೆಯಂಥ ಬಿಳಿ ಗೆರೆ, ಅದರ ಮೇಲೆ ತೇಗದ ಹಲಗೆಯಲ್ಲಿರುವಂಥ ಎಳೆಗಳು. ಇಷ್ಟು ವರ್ಷ ನನಗೇಕೆ ಇದು ಕಂಡಿರಲಿಲ್ಲ? ಹಿಡಿಯ ಬಿದಿರು ಮೊಳೆ ತಳ್ಳಿ ಅಲಗನ್ನು ಈಚೆ ತೆಗೆದೆ. ಹಿಡಿಯೊಳಗೆ ಅಡಗಿರುವ ಬುಡದ ಭಾಗವೇ ಕತ್ತಿಯ ಜಾತಕ. ಅಲ್ಲಿನ ತುಕ್ಕಿನ ಬಣ್ಣದಿಂದ ವಯಸ್ಸು ಹೇಳುತ್ತಾರೆ, ಕಪ್ಪಾದಷ್ಟೂ ಹಳೆಯದು. ನಮ್ಮದು ಸುಟ್ಟ ಬೆಲ್ಲದ ಕಪ್ಪು.

ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಆ ಬುಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ, ಪಕ್ಕದಲ್ಲಿ ನೆನೆದ ಹುಣಸೆಹಣ್ಣು, ತೆಂಗಿನ ನಾರು.

"ಅತ್ತೆ, ಬೇಡ, ಮುಟ್ಟಬೇಡಿ."

"ಒಳಗೆಲ್ಲ ತುಕ್ಕು ಕಣೇ. ಪೂಜೆಗೆ ಇಡೋ ವಸ್ತು, ತೇಯ್ದು ಫಳಫಳ ಅನ್ನಿಸ್ಬೇಡ್ವಾ?"

"ಆ ತುಕ್ಕು ಹೋದ್ರೆ ಮಾವ ಹೇಳಿದ್ದು ನಿಜಾನೋ ಸುಳ್ಳೋ ಯಾರಿಗೂ ಗೊತ್ತಾಗಲ್ಲ."

ಅತ್ತೆಯ ಕೈ ನಿಂತಿತು. "ನಿಜ ಇರಬಹುದು ಅಂತೀಯಾ?" ಎಂದರು. ಹುಣಸೆಹಣ್ಣು ರಾತ್ರಿ ಸಾರಿಗೆ ಹೋಯಿತು.

ಹೊಸದಾಗಿ ಕಲಿತವಳು ನಾನು, ನನ್ನ ಮಾತು ಏನು ಮಹಾ? ನಮ್ಮ ಆಫೀಸಿಗೆ ಬರುವ ಜಪಾನಿ ಇಂಜಿನಿಯರ್ ಒಬ್ಬರಿದ್ದಾರೆ, ಪೋರೂರಿನಲ್ಲಿ ವಾಸ, ಅವರ ತಂದೆಗೆ ಹಳೇ ಕತ್ತಿಗಳ ಮೋಹವಂತೆ. ಪೂಜೆಯ ಹಿಂದಿನ ದಿನ ಕರೆದುಕೊಂಡು ಬಂದೆ. ಅವರು ಕತ್ತಿಗೆ ತಲೆಬಾಗಿ, ಜೇಬಿನಿಂದ ಕಾಗದ ತೆಗೆದು ಮಡಿಚಿ, ತುಟಿಗಳ ನಡುವೆ ಕಚ್ಚಿಕೊಂಡು ಅಲಗನ್ನು ಕೈಗೆತ್ತಿಕೊಂಡರು.

"ಇದೇನೇ, ಇವರಿಗೂ ಮಡಿ ಉಂಟಾ?" ಅತ್ತೆ ಪಿಸುಗುಟ್ಟಿದರು.

ನೋಡಿ ಮುಗಿದ ಮೇಲೆ ಅವರು ಕಾಗದ ತೆಗೆದು ಇಂಗ್ಲಿಷಿನಲ್ಲಿ ಹೇಳಿದರು: ಉಸಿರು ತಗುಲಿದರೆ ಉಕ್ಕು ಕೆಡುತ್ತದೆ, ಅದಕ್ಕೆ ಬಾಯಿ ಕಟ್ಟುವುದು. ಅಲಗು ಸೈನ್ಯದ ಕಾರ್ಖಾನೆಯದಲ್ಲ. ಇನ್ನೂರು ವರ್ಷಕ್ಕೆ ಕಡಿಮೆಯಿಲ್ಲ ಎಂದು ನನ್ನ ಅಂದಾಜು, ಫೋಟೋ ತಂದೆಗೆ ಕಳಿಸುತ್ತೇನೆ. ಇಷ್ಟು ಚೆನ್ನಾಗಿ ನೋಡಿಕೊಂಡವರು ಯಾರು?

ಅದನ್ನೆಲ್ಲ ಅತ್ತೆಗೆ ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ನಿಮ್ಮ ಚಾಪೆಯ ಕಡೆ ತಿರುಗಿದರು. "ನನಗೆ ಉತ್ತರ ಕೊಡಬಾರದು ಅಂತ ವಲ್ಲಿ ಕಚ್ಕೋತಾರೆ ಅಂದ್ಕೊಂಡಿದ್ದೆ ಪದ್ದು. ಪ್ರತಿ ವರ್ಷವೂ ಹಾಗೇ ಅಂದ್ಕೊಂಡೆ," ಎಂದು ಅತ್ತರು. ನಾನೂ ಅತ್ತುಬಿಟ್ಟೆ. ಪಾಪ, ಆ ಇಂಜಿನಿಯರು ತಮ್ಮಿಂದ ಏನೋ ತಪ್ಪಾಯಿತೆಂದು ಮತ್ತೆ ಮತ್ತೆ ತಲೆಬಾಗಿದರು.

ಕತ್ತಿ ಎಲ್ಲಿಗೂ ಹೋಗುವುದಿಲ್ಲ, ಮಾವ. ಅವರು ಹೊರಟ ಮೇಲೆ ಅತ್ತೆಯೇ ಚಾಪೆ ಹಾಸಿ, ಲವಂಗದೆಣ್ಣೆ ತಂದಿಟ್ಟುಕೊಂಡು ಒರೆಸಿದರು. ನಾನು ಏನೇನೋ ಕೇಳಿದೆ, ಬೇಕೆಂದೇ ಕೆಣಕಿದೆ. ಸೆರಗು ಹಲ್ಲಲ್ಲಿ ಕಚ್ಚಿಕೊಂಡು, ಮುಗಿಯುವ ತನಕ ನಿಮ್ಮ ಹೆಂಡತಿ ಒಂದು ಮಾತೂ ಆಡಲಿಲ್ಲ.

ನಿಮ್ಮ,
ಪದ್ದು